ಅತ್ತೆಯ ಗಿಳಿಗೆ ನಾನು ತಿನ್ನಿಸಿದ್ದು

ಓಣಿಯವರೆಲ್ಲ ಅದನ್ನು ಗಿಳಿ ಎನ್ನುತ್ತಿದ್ದರು, ಆದರೆ ಅದು ಮಾಮೂಲಿ ಗಿಳಿಗಿಂತ ಸಣ್ಣದು. ಬಾಲ ಬಿಟ್ಟರೆ ಒಂದು ಹಿಡಿಗೆ ಸಿಗುವಷ್ಟು. ಮೈಯೆಲ್ಲ ಹಸಿರು, ತಲೆ ಮಾತ್ರ ನೇರಳೆ ಹಣ್ಣು ಉಜ್ಜಿದ ಹಾಗೆ. ಕುತ್ತಿಗೆಯ ಸುತ್ತ ಕಪ್ಪು ಗೆರೆ, ರೆಕ್ಕೆಯ ಮೇಲೆ ಒಂದು ಕೆಂಪು ಬೊಟ್ಟು, ಬಾಲದ ತುದಿ ಬಿಳಿ. ಕೌತಾಳಂ ಕಡೆಯ ನಮ್ಮ ಹೊಲದಲ್ಲಿ ಬೇವಿನ ಪೊಟರೆಯಿಂದ ಬಿದ್ದ ಮರಿಯನ್ನು ನನ್ನ ಅತ್ತೆ ಸೆರಗಿನಲ್ಲಿ ಕಟ್ಟಿಕೊಂಡು ಆದೋನಿಯ ಮನೆಗೆ ತಂದಿದ್ದರು. ಅದು ಮಾತು ಕಲಿಯಲಿಲ್ಲ. ಸಿಳ್ಳೆ ಹಾಕುವುದು, ಮಲಗುವ ಮುಂಚೆ ಕೊಕ್ಕು ಮಸೆಯುವುದು, ಇಷ್ಟೇ ಅದರ ವಿದ್ಯೆ.

ತಿನ್ನುವುದರಲ್ಲಿ ಮಾತ್ರ ಮಹಾ ಬಿಗುಮಾನ. ಎಳೆ ಜೋಳದ ತೆನೆ, ನೆನೆಸಿದ ಕಡಲೆ, ಪೇರಲ, ಹಸಿಮೆಣಸಿನಕಾಯಿಯ ಬೀಜ. ಎಡಗಾಲಲ್ಲಿ ಹಿಡಿದು ಒಂದು ಸಲ ಕಚ್ಚಿ ಉಳಿದದ್ದನ್ನು ನೆಲಕ್ಕೆ ಬಿಡುತ್ತಿತ್ತು, ಗುಡಿಸುವವಳು ನಾನು. ತಿನ್ನಿಸುವುದು ಮಾತ್ರ ಅತ್ತೆಯ ಕೈಯಿಂದಲೇ ಆಗಬೇಕು. ನಾನು ಬೆರಳು ಚಾಚಿದರೆ ರಕ್ತ ಬರುವಂತೆ ಕಚ್ಚುತ್ತಿತ್ತು. ಅದನ್ನು ನೋಡಿ ಅತ್ತೆಗೆ ಒಳಗೊಳಗೇ ಖುಷಿ. ನಾನು ಆ ಮನೆಗೆ ಬಂದು ಹತ್ತೊಂಬತ್ತು ವರ್ಷವಾದರೂ ಅವರು ಹಾಲಿನ ಪಾತ್ರೆಯನ್ನೂ ನನ್ನನ್ನು ನಂಬಿ ಬಿಟ್ಟವರಲ್ಲ.

ಕಣ್ಣಿನ ಪೊರೆ ತೆಗೆಸಲು ಅವರು ಕರ್ನೂಲಿಗೆ ಹೋದಾಗ ಐದು ದಿನ ಹಕ್ಕಿ ನನ್ನ ಪಾಲಿಗೆ ಬಂತು. ಬಸ್ಸು ಹತ್ತುವಾಗಲೂ, "ಮುಂದ ಇಟ್ಟು ಹೋಗಬ್ಯಾಡ, ಕೈಯಾಗ ಹಿಡಿದು ತಿನ್ನಿಸು" ಎಂದರು.

ಮೊದಲ ದಿನ ಅದು ಏನೂ ಮುಟ್ಟಲಿಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಗರಿ ಉಬ್ಬಿಸಿಕೊಂಡು ಪಂಜರದ ಮೂಲೆ ಹಿಡಿಯಿತು. ನಿಜ ಹೇಳಬೇಕೆಂದರೆ ಹಕ್ಕಿಗಿಂತ ನನ್ನ ಮಾನದ ಚಿಂತೆಯೇ ಹೆಚ್ಚಿತ್ತು.

ಅಟ್ಟದ ಮೇಲೆ ಬಿತ್ತಿ ಉಳಿದ ಸೂರ್ಯಕಾಂತಿ ಬೀಜದ ಪೊಟ್ಟಣವಿತ್ತು. ಹುಳ ಹತ್ತದಂತೆ ಔಷಧ ಸವರಿದ ಗುಲಾಬಿ ಬಣ್ಣದ ಬೀಜ. ವಿಷವೆಂದು ಗೊತ್ತಿತ್ತು. ಆದರೆ ಉಳಿದ ಬಿತ್ತನೆ ಕಾಳನ್ನು ತೊಳೆದು ಕೋಳಿಗೆ ಹಾಕಿದವರನ್ನು ನಾನು ಕಂಡಿದ್ದೆ. ಏಳು ನೀರಿನಲ್ಲಿ ತೊಳೆದೆ. ಬಣ್ಣ ಪೂರ್ತಿ ಹೋಯಿತು. ಅದರ ಜೊತೆ ವಿಷವೂ ಹೋಯಿತೆಂದುಕೊಂಡೆ. ಡಿಗ್ರಿ ಮುಗಿಸಿದವಳು ನಾನು.

ಅದು ತಿಂದಿತು. ಒಂದೊಂದೇ ಬೀಜ ಸುಲಿದು, ಸಿಪ್ಪೆ ಉದುರಿಸುತ್ತ, ನನ್ನ ಬೆರಳುಗಳ ನಡುವಿನಿಂದಲೇ ತಿಂದಿತು. ಕೊಕ್ಕು ತಾಗಿತು, ಕಚ್ಚಲಿಲ್ಲ. ಸಂತೋಷಕ್ಕೆ ನನಗೆ ಅಳು ಬಂತು.

ಸಂಜೆಗೆ ಅದರ ಕಾಲು ನಡುಗತೊಡಗಿತು. ಕೂರುವ ಕೋಲಿನಿಂದ ಬಿತ್ತು, ಹತ್ತಿತು, ಮತ್ತೆ ಬಿತ್ತು. ಕೊಕ್ಕಿಗೆ ನೀರು ಹನಿಸಿದರೂ ಗಂಟಲಲ್ಲಿ ಇಳಿಯಲಿಲ್ಲ. ಬೆಳಿಗ್ಗೆ ನೋಡಿದರೆ ಅಂಗಾತ ಬಿದ್ದಿತ್ತು. ಗಂಡ ಅದನ್ನು ಹಿತ್ತಲಲ್ಲಿ ಹೂತು ಬಂದು, ಬೆಕ್ಕು ಒಯ್ದಿತೆಂದು ಹೇಳು ಎಂದರು. ಬೀಜದ ಸಂಗತಿ ಅವರಿಗೂ ಹೇಳಲಿಲ್ಲ.

ಅತ್ತೆ ಕಪ್ಪು ಕನ್ನಡಕದಲ್ಲಿ ಬಂದವರು ನೇರ ಪಂಜರದ ಹತ್ತಿರ ಹೋದರು. ಸತ್ತುಹೋಯಿತು ಎಂದೆ. ಬೈಗುಳಕ್ಕೆ ಕಾದು ನಿಂತೆ. ಅವರು ಕಂಬಿ ಹಿಡಿದು ಒಳಗೆ ಬಗ್ಗಿ ನೋಡಿದರು.

"ಏನರ ತಿಂದಿತ್ತೇನು?"

"ತಿಂದಿತ್ತುರಿ. ನನ್ನ ಕೈಯಾಗ" ಎಂದೆ. ಅದು ಸುಳ್ಳಲ್ಲ.

"ಹಸಕೊಂಡು ಹೋಗಲಿಲ್ಲಲ್ಲ. ಅಷ್ಟು ಸಾಕು ಬಿಡವ್ವ" ಎಂದು ನನ್ನ ಕೈ ಹಿಡಿದುಕೊಂಡರು. ಅವರು ನನ್ನನ್ನು ಅವ್ವ ಎಂದದ್ದು ಅದೇ ಮೊದಲು.

ಕಣ್ಣು ವಿಚಾರಿಸಲು ಬಂದವರಿಗೆಲ್ಲ, ಎಮ್ಮಿಗನೂರಿನ ತಂಗಿಗೆ ಫೋನಿನಲ್ಲೂ, ಯಾರ ಕೈಯಲ್ಲೂ ತಿನ್ನದ ಹಕ್ಕಿ ಸೊಸೆಯ ಕೈಯಲ್ಲಿ ತಿಂದು ಹೋಯಿತೆಂದು ಹೇಳಿದರು. ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಇವತ್ತಿಗೂ ಬಾಯಿ ಬಿಟ್ಟಿಲ್ಲ. ಈಗೀಗ ಅವರ ತಟ್ಟೆಗೆ ನಾನೇ ಬಡಿಸಬೇಕು. ಏನು ಹಾಕಿದೆ ಎಂದು ಕೇಳುವುದೂ ಇಲ್ಲ, ಹಾಕಿದ್ದನ್ನು ಸುಮ್ಮನೆ ಉಣ್ಣುತ್ತಾರೆ.