ಕಾರ್ಗಿಲ್‌ಗೆ ಹೊರಟ ಕುಬಸ

ಪುಣೆಯ ಹಿಂಜವಾಡಿಯ ಕಂಪನಿಗಳಲ್ಲಿ ದುಡಿಯುವ ನಮ್ಮಂಥವರಿಗೆ ವಾಕಡದ ತಮ್ಮ ಮನೆಯಲ್ಲೇ ರೊಟ್ಟಿ ಬಡಿದು ಹೊಟ್ಟೆ ತುಂಬಿಸುವ ನಾಗವ್ವನವರಿಗೆ ಆ ವಾರ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ಬಸುರಿ ಮಗಳು ನೀತಾಗೆ ಏಳು ತಿಂಗಳು. ಅಳಿಯ ಸ್ವಪ್ನಿಲ್‌ಗೆ ಕಾರ್ಗಿಲ್‌ನ ಬ್ಯಾಂಕಿನಲ್ಲಿ ಕೆಲಸ. ತವರಿನವರು ಹಸಿರು ಸೀರೆ, ಬಳೆ, ಬುತ್ತಿ ಹೊತ್ತು ಅಲ್ಲಿಗೇ ಹೋಗಿ ಕುಬಸ, ಅಂದರೆ ಸೀಮಂತ, ಮಾಡಬೇಕು. ಸೋಮವಾರ ತಪ್ಪಿದರೆ ಮತ್ತೆ ಒಳ್ಳೆಯ ದಿನವೇ ಇಲ್ಲ ಎಂದು ಅಯ್ಯನವರು ಹೇಳಿಬಿಟ್ಟಿದ್ದರು.

ಲೇಹ್‌ವರೆಗೆ ವಿಮಾನವೇನೋ ಸಿಕ್ಕಿತು. ಪಜೀತಿ ಇದ್ದದ್ದು ಅಲ್ಲಿಂದ ಮುಂದೆ.

"ಲೇಹ್‌ನಿಂದ ಕಾರ್ಗಿಲ್ ಅಂದ್ರ ದೌಂಡದಿಂದ ಸೋಲಾಪುರ ಇದ್ದಂಗ. ಅದೇನು ಭಾಳ ದೂರ?" ಎಂದರು ಅವರ ಗಂಡ ಈರಬಸಪ್ಪ. ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಅವರಿಗೆ ಜಗತ್ತೆಲ್ಲ ದೌಂಡ-ಸೋಲಾಪುರವೇ.

"ಮಧ್ಯೆ ಹಿಮಾಲಯ ಇದೆ ಅಂಕಲ್!" ಎಂದು ನಾನು ಮೊಬೈಲ್ ತೋರಿಸಿದೆ. ರಸ್ತೆಯಲ್ಲಿ ಇನ್ನೂರು ಕಿಲೋಮೀಟರಿಗೂ ಹೆಚ್ಚು, ಅದೂ ಹಿಮ ಬಿದ್ದು ಬಂದ್ ಆಗಿತ್ತು. ಹೆಲಿಕಾಪ್ಟರಿನಲ್ಲಾದರೆ ಒಂದು ತಾಸೂ ಬೇಡ. ಲೇಹ್‌ನ ಏಜೆಂಟನೊಬ್ಬನ ಹತ್ತಿರ ಒಂದೇ ಒಂದು ಸೀಟು ಉಳಿದಿತ್ತು. ಖಾತ್ರಿ ಮಾಡಿಕೊಳ್ಳಲು ಅವನೇ ನಾಗವ್ವನವರಿಗೆ ಫೋನ್ ಮಾಡಿದ.

"ಆಪ್ ಕಾರ್ಗಿಲ್ ಜಾ ರಹೀ ಹೈಂ ನಾ?"

ಕುಬಸದ ಸೀರೆ ತೊಡೆಯ ಮೇಲಿರುವಾಗ ಯಾರಾದರೂ "ಹೋಗ್ತೀನಿ" ಅನ್ನುತ್ತಾರೆಯೇ? ಹೊರಡುವವರು "ಬರ್ತೀನಿ" ಅನ್ನಬೇಕು. ಪುಣೆಯ ಮರಾಠಿಗರೂ ಹೊರಡುವಾಗ "ಯೇತೆ", ಅಂದರೆ ಬರ್ತೀನಿ, ಎನ್ನುವವರೇ ಆದ್ದರಿಂದ ನಾಗವ್ವನವರಿಗೆ ಈ ಮಾತಿನಿಂದ ಇಷ್ಟು ವರ್ಷ ತೊಂದರೆಯೇ ಆಗಿರಲಿಲ್ಲ. ಸಂಭ್ರಮದಿಂದ ಕೂಗಿದರು: "ಜಾತೀ ನಹೀ ಭೈಯಾ, ಆತೀ ಹೂಂ, ಆತೀ ಹೂಂ!"

ಟಿಕೆಟ್ ಬಂತು. ಕಾರ್ಗಿಲ್‌ನಿಂದ ಲೇಹ್‌ಗೆ!

ನಾನು ಬಿದ್ದು ಬಿದ್ದು ನಕ್ಕೆ. ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾದ ನಾಗವ್ವನವರ ಮುಖ ನೋಡಿದ ಮೇಲೆ ನಗು ನಿಂತಿತು. ಗಡಬಡಿಸಿ ಮತ್ತೆ ಫೋನ್ ಹಚ್ಚಿದೆ. ಆ ಸೀಟು ಕೇಳಿಕೊಂಡು ಇನ್ನೊಬ್ಬರು ಬಂದು ಕೂತಿದ್ದಾರೆ, ಬರುವುದೋ ಹೋಗುವುದೋ ಅಮ್ಮನೇ ಈಗಲೇ ಹೇಳಲಿ ಎಂದ ಏಜೆಂಟ್.

"ಹೋಗ್ತೀನಿ" ಎಂಬ ಅಪಶಕುನದ ಮಾತಿಗೆ ಹೆದರಿ ನಾಗವ್ವನವರು ಫೋನನ್ನೇ ದೂರ ಸರಿಸಿದರು.

"ಅನ್ನು, ನಾಗೀ! ಬರೇ ಮಾತು ಅದು. ಅಂದ್ರ ಏನು ಮುಗಿಲು ಹರಕೊಂಡು ಬೀಳ್ತದ?" ಎಂದು ಈರಬಸಪ್ಪ ಗದರಿದರು.

ನಾಗವ್ವನವರು ಕಣ್ಣು ಮುಚ್ಚಿ, ಸೀರೆಯನ್ನು ಎದೆಗೆ ಅವಚಿಕೊಂಡು, ಇಡೀ ಸೊಸೈಟಿಗೆ ಕೇಳುವಂತೆ ಕೂಗಿದರು: "ಜಾತೀ ಹೂಂ! ಮೇರೀ ಬೇಟೀ ಕೇ ಪಾಸ್ ಜಾತೀ ಹೂಂ!"

ಸೀಟು ಸಿಕ್ಕಿತು! ನಾನು ಕುಣಿದೇಬಿಟ್ಟೆ. ಗಲಾಟೆ ಕೇಳಿ ಅಕ್ಕಪಕ್ಕದವರೆಲ್ಲ ಓಡಿ ಬಂದರು. ನಾಗವ್ವನವರು ನಗುತ್ತ ಅಳುತ್ತ ಶೇಂಗಾ ಹೋಳಿಗೆ ಕಟ್ಟಲು ಒಳಗೆ ಹೋದರು.

ಸ್ವಲ್ಪ ಹೊತ್ತಿನ ಮೇಲೆ ಈರಬಸಪ್ಪ ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಯಾಕ್ರಿ, ಏನು ಬೇಕಿತ್ತು?"

"ಏನಿಲ್ಲ. ಆ ಏಜೆಂಟಗ ಹೋಗ್ತೀನಿ ಅಂದಿ, ಛಲೋ ಆತು. ನನಗರ ಒಮ್ಮೆ ಬರ್ತೀನಿ ಅಂದುಬಿಡು, ನಾಗೀ."