ಮರದ ಮೀನು ಪಕ್ಕಕ್ಕೆ ವಾಲಿತು

ನಾನು ನಿವೃತ್ತನಾದ ಮೂರನೆಯ ವರ್ಷ ನಡೆದದ್ದು ಇದು. ಅದಕ್ಕೆ ಮೊದಲು ಜಾಲಹಳ್ಳಿಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಪ್ಯಾಟರ್ನ್ ಮೇಕರ್ ಆಗಿದ್ದೆ. ಲೋಹದ ಎರಕ ಹೊಯ್ಯುವ ಮೊದಲು ಅದೇ ಆಕಾರವನ್ನು ಮರದಲ್ಲಿ ಮಾಡಿಕೊಡುವ ಕೆಲಸ. ನಿವೃತ್ತಿಯ ನಂತರ ವಿದ್ಯಾರಣ್ಯಪುರದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಲ್ಯೂರ್ ಮಾಡತೊಡಗಿದೆ. ಲ್ಯೂರ್ ಎಂದರೆ ಮರದ ಹುಸಿಮೀನು. ಹೊಟ್ಟೆಯ ಕೆಳಗೊಂದು, ಬಾಲದಲ್ಲೊಂದು, ಮೂರು ಮೊನೆಯ ಗಾಳ ಇರುತ್ತದೆ. ದಾರ ಕಟ್ಟಿ ನೀರಿಗೆ ಎಸೆದು ಎಳೆದರೆ ಅದು ಜೀವವಿದ್ದಂತೆ ಈಜಬೇಕು, ಬೇಟೆಯಾಡುವ ಮೀನು ಮೋಸಹೋಗಿ ಕಚ್ಚಬೇಕು. ಮಾಕಳಿಯ ಆಚೆಗಿನ ಒಂದು ಪಾಳು ಕಲ್ಲುಕ್ವಾರಿಯಲ್ಲಿ ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ಊಹಿಸಿದ್ದನ್ನು ಊಹೆ ಎಂದೇ ಹೇಳುತ್ತೇನೆ.

ಬಣ್ಣದ ಕೆಲಸ ಮುನಿರಾಜುವಿನದು. ಯಶವಂತಪುರದವನು, ನನಗಿಂತ ಚಿಕ್ಕವನು, ಲಾರಿಗಳ ಹಿಂಬದಿಗೆ ಹದ್ದು, ಗುಲಾಬಿ ಬರೆದು ಕೈ ಪಳಗಿಸಿಕೊಂಡವನು. ಅವನು ಬಣ್ಣ ಸಿಂಪಡಿಸುವ ಏರ್‌ಬ್ರಷ್ ಹಿಡಿದರೆ ಬೆರಳುದ್ದದ ಮರದ ಮೇಲೆ ಒಂದೊಂದು ಹುರುಪೆಯೂ ಬೇರೆಬೇರೆಯಾಗಿ ಹೊಳೆಯುತ್ತಿತ್ತು. ಯಲಹಂಕದಲ್ಲಿ ಗಾಳದ ಸಾಮಾನಿನ ಅಂಗಡಿ ನಡೆಸುವ ಫ್ರಾನ್ಸಿಸ್ ನಮ್ಮ ಲ್ಯೂರುಗಳನ್ನು ಗಾಜಿನ ಕಪಾಟಿನಲ್ಲಿ ಇಡಲು ಒಪ್ಪಿದ್ದು ಆ ಹೊಳಪು ನೋಡಿಯೇ.

ನಮ್ಮಿಬ್ಬರಿಗೂ ಒಂದೇ ಜಗಳ.

“ನಿಮ್ಮ ಮೀನು ಬರಿಮೈಯಲ್ಲೇ ಚೆನ್ನಾಗಿ ಈಜುತ್ತೆ ಅಣ್ಣ, ಒಪ್ಕೊಂಡೆ. ಆದ್ರೆ ತಗೊಳ್ಳೋರು ಮರ್ಯಾದಸ್ಥರು,” ಎನ್ನುತ್ತಿದ್ದ ಮುನಿರಾಜು.

“ಕೆರೆ ಮೀನು ಕನ್ನಡಕ ಹಾಕ್ಕೊಂಡು ನಿನ್ನ ಪೇಂಟಿಂಗ್ ನೋಡುತ್ತೇನೋ?” ಎನ್ನುತ್ತಿದ್ದೆ ನಾನು.

ನನ್ನ ಮಾತಿಗೆ ಕಾರಣವಿತ್ತು. ನಮ್ಮ ಕಡೆಯ ಕೆರೆಗಳ ನೀರು ಕಡುಹಸಿರು. ಮೊಳಕೈವರೆಗೆ ಅದ್ದಿದರೆ ಬೆರಳು ಕಾಣುವುದಿಲ್ಲ. ಅಂಥ ನೀರಿನಲ್ಲಿ ಕೊರವ ಮೀನು ಬೇಟೆಯನ್ನು ಹುಡುಕುವುದು ಕಣ್ಣಿಗಿಂತ ಹೆಚ್ಚಾಗಿ ಪಕ್ಕೆಯಿಂದ. ತಲೆಯಿಂದ ಬಾಲದವರೆಗೆ ಅದರ ಮೈಮೇಲೆ ಒಂದು ಸೂಕ್ಷ್ಮ ಗೆರೆ ಇದೆ. ನೀರಿನ ಕಂಪನ ಅದಕ್ಕೆ ತಾಕುತ್ತದೆ. ಆ ಕಂಪನ ಹುಟ್ಟುವುದು ಲ್ಯೂರಿನ ಈಜಿನಿಂದ. ಈಜು ಹುಟ್ಟುವುದು ಗಲ್ಲದ ಕೆಳಗೆ ಕೂರಿಸಿದ ಪ್ಲಾಸ್ಟಿಕ್ ತುಟಿ, ಹೊಟ್ಟೆಯೊಳಗಿನ ಸೀಸ ಮತ್ತು ಮೂಗಿನಲ್ಲಿ ದಾರ ಕಟ್ಟುವ ತಂತಿಯ ಬಳೆ, ಈ ಮೂರರಿಂದ. ಬಳೆ ಕೂದಲೆಳೆಯಷ್ಟು ಬಾಗಿದರೂ ಲ್ಯೂರು ಆ ಪಕ್ಕಕ್ಕೆ ವಾಲುತ್ತದೆ. ನಿಧಾನವಾಗಿ ಎಳೆದರೆ ತಿಳಿಯುವುದೇ ಇಲ್ಲ. ಜೋರಾಗಿ ಎಳೆದರೆ ಮಗ್ಗುಲಾಗಿ ಬಿದ್ದು, ನೀರಿನ ಹಿಡಿತ ಬಿಟ್ಟು ಮೇಲಕ್ಕೆ ಚಿಮ್ಮುತ್ತದೆ. ಆಗ ಬಾಗಿದ ಗಾಳದ ಕೋಲು ನೆಟ್ಟಗಾಗುತ್ತದೆ, ಗಾಳಗಳು ಎಳೆಯುವವನ ಕಡೆಗೇ ಹಾರಿಬರುತ್ತವೆ.

ಅದಕ್ಕೇ ಶೆಡ್ಡಿನಲ್ಲಿ ಒಂದು ಕ್ರಮವಿತ್ತು. ಬರಿಮರವನ್ನು ಮೊದಲು ಹಿತ್ತಲಿನ ತೊಟ್ಟಿಯಲ್ಲಿ ಈಜಿಸಬೇಕು. ಬಣ್ಣ, ಮೇಲೆ ರಾಳದ ಲೇಪ ಆದಮೇಲೆ ಇನ್ನೊಮ್ಮೆ ಈಜಿಸಬೇಕು. ತೊಟ್ಟಿ ಗಿಡ್ಡ, ಅಲ್ಲಿ ವೇಗ ಸಿಗುವುದಿಲ್ಲ. ಹಾಗಾಗಿ ಎರಡನೆಯ ಪರೀಕ್ಷೆ ಕ್ವಾರಿಯಲ್ಲಿ. ದಡದಲ್ಲಿ ನಿಂತವರೆಲ್ಲ ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿರಬೇಕು. ಮುನಿರಾಜುವಿಗೆ ಎರಡನೆಯ ಪರೀಕ್ಷೆ ಕಂಡರೆ ಆಗುತ್ತಿರಲಿಲ್ಲ. ತೂಕ ಸರಿಯಿರಬೇಕೆಂದು ಗಾಳ ಸಮೇತವೇ ಈಜಿಸಬೇಕು, ಆ ಗಾಳಗಳು ಉಜ್ಜಿ ಅವನ ಬಣ್ಣದ ಮೇಲೆ ಗೀರು ಬೀಳುತ್ತಿತ್ತು.

ಆ ಸಲದ ಲ್ಯೂರುಗಳಿಗೆ ಅವನು ಲೇಪವನ್ನು ದಪ್ಪನಾಗಿ ಹಾಕಿದ್ದ. ರಾಳ ಇಳಿದು ಮೂಗಿನ ಬಳೆಗಳ ತೂತು ಮುಚ್ಚಿಕೊಂಡವು. ಸಣ್ಣ ಡ್ರಿಲ್ ಬಿಟ್ಟನ್ನು ಬೆರಳಲ್ಲಿ ಹಿಡಿದು ತಿರುವಿ ತಿರುವಿ ಅವನು ತೂತು ಬಿಡಿಸಿದ. ತಿರುವುವಾಗ ಬಳೆಗಳೆಲ್ಲ ಒಂದೇ ಪಕ್ಕಕ್ಕೆ ಬಾಗಿದವು ಎಂಬುದು ನನ್ನ ಊಹೆ. ಪರೀಕ್ಷೆಗೆ ಮೊದಲೇ ಫ್ರಾನ್ಸಿಸ್ ಬಂದು, ನಾನಿಲ್ಲದ ಹೊತ್ತಿನಲ್ಲಿ, ಫೋಟೋ ತೆಗೆಯಬೇಕೆಂದು ಎರಡು ಲ್ಯೂರು ಒಯ್ದಿದ್ದ. ಮುನಿರಾಜುವೇ ಕೊಟ್ಟು ಕಳಿಸಿದ್ದ. ನನಗದು ಆಗ ಗೊತ್ತಿರಲಿಲ್ಲ.

ಕ್ವಾರಿಗೆ ನಾವು ಮೂವರೂ ಫ್ರಾನ್ಸಿಸನ ಕಾರಿನಲ್ಲಿ ಹೋದೆವು. ಬಿಸಿಲು ಇನ್ನೂ ತಳಕ್ಕೆ ಇಳಿದಿರಲಿಲ್ಲ. ಮೂರು ಕಡೆ ಕೊರೆದ ಬಂಡೆ, ನಡುವೆ ಕಪ್ಪು ನೀರು. ಗಾಳಿ ಇರಲಿಲ್ಲ. ಕಾರಿನ ಬಾಗಿಲು ಹಾಕಿದ ಸದ್ದು ಬಂಡೆಗೆ ಬಡಿದು ಹಿಂದಿರುಗಿತು.

“ನೀವು ಎಳೆದ್ರೆ ಬಂಡೆಗೆ ಉಜ್ಜಿಸ್ತೀರ, ಕೊಡಿ ಇಲ್ಲಿ,” ಎಂದು ಮುನಿರಾಜು ಕೋಲು ತೆಗೆದುಕೊಂಡ. ಬಂಡೆಯ ಅಂಚಿನಲ್ಲಿ ನಿಂತು ಮೊದಲ ಸಲ ಎಸೆದ. ಲ್ಯೂರು ಬಾಲ ಆಡಿಸುತ್ತ ಬಂತು, ಆದರೆ ನೇರವಾಗಿ ಬರಲಿಲ್ಲ. ದಾರ ನಿಧಾನವಾಗಿ ಒಂದು ಪಕ್ಕಕ್ಕೆ ಸರಿಯಿತು.

“ಬಳೆ ಬಾಗಿದೆ ಕಣೋ. ತಗಿ, ಇಕ್ಕಳದಲ್ಲಿ ಸರಿಮಾಡ್ತೀನಿ,” ಎಂದೆ.

“ಸ್ಪೀಡ್ ಸಾಲ್ದು ಅಣ್ಣ. ಜೋರಾಗಿ ಎಳೆದ್ರೆ ನೆಟ್ಟಗಾಗುತ್ತೆ.” ಅಷ್ಟು ಹೇಳಿ ಕನ್ನಡಕ ತೆಗೆದು ಹಣೆಯ ಮೇಲೆ ಏರಿಸಿಕೊಂಡ.

“ಹಾಕ್ಕೋ ಅದನ್ನ.”

“ಇದ್ರಲ್ಲಿ ನೀರೊಳಗಿನ ಬಣ್ಣ ತಿಳಿಯಲ್ಲ. ಹಸಿರು ಎಷ್ಟು ಎದ್ದು ಬರುತ್ತೆ ನೋಡ್ಬೇಕು.”

ಎಸೆದ. ಜೋರಾಗಿ ಎಳೆದ. ಕೋಲು ಬಾಗಿತು. ಲ್ಯೂರು ದಡದ ಹತ್ತಿರ ಬಂದಾಗ ಅದರ ಬಿಳಿಯ ಹೊಟ್ಟೆ ಮೇಲಾದದ್ದು ನನಗೆ ಕಂಡಿತು. ನಾನು ಏನೋ ಹೇಳಲು ಬಾಯಿ ತೆರೆದೆ. ನೀರು ಚಿಟಿಕೆ ಹೊಡೆದಂತೆ ಸದ್ದಾಯಿತು. ಆಮೇಲೆ ಮುನಿರಾಜು ಕೋಲು ಕೆಳಗಿಟ್ಟ. ಬೀಳಿಸಲಿಲ್ಲ, ಇಟ್ಟ. ತಿರುಗಿ ನಿಂತಾಗ ಲ್ಯೂರು ಅವನ ಬಲಗಣ್ಣಿಗೆ ತೂಗುಬಿದ್ದಿತ್ತು.

“ಏನಾಗಿದೆ ನೋಡಿ ಅಣ್ಣ,” ಎಂದ. ಕೂಗಲಿಲ್ಲ.

ಗಾಳದ ಒಂದು ಮೊನೆ ಮೇಲಿನ ರೆಪ್ಪೆಯನ್ನು ತೂರಿ ಒಳಗೆ ಹೋಗಿತ್ತು. ನಾನು ದಾರ ಕತ್ತರಿಸಿದೆ. ಇಕ್ಕಳ ಚೀಲದಲ್ಲೇ ಇತ್ತು. ಲ್ಯೂರನ್ನು ಗಾಳದಿಂದ ಬಿಡಿಸಬಹುದಿತ್ತು. ಆದರೆ ನಡುವಿನ ಉಂಗುರ ಬಿಚ್ಚುವಾಗ ಒಂದು ಸಣ್ಣ ಜಗ್ಗು ಇದ್ದೇ ಇರುತ್ತದೆ. ನನಗೆ ಧೈರ್ಯ ಬರಲಿಲ್ಲ. ಹಿಂದಿನ ಸೀಟಿನಲ್ಲಿ ಅವನ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು, ಲ್ಯೂರಿನ ಭಾರ ರೆಪ್ಪೆಯ ಮೇಲೆ ಬೀಳದಂತೆ ಅಂಗೈಯಲ್ಲಿ ಎತ್ತಿ ಹಿಡಿದೆ. ತುಮಕೂರು ರಸ್ತೆಯ ಉದ್ದಕ್ಕೂ ಹಾಗೇ ಹಿಡಿದಿದ್ದೆ. ಪ್ರತಿ ಹಂಪಿಗೂ ಮೊದಲು ಫ್ರಾನ್ಸಿಸ್, “ಹಂಪು ಸಾರ್, ಹಂಪು,” ಎಂದು ಎಚ್ಚರಿಸುತ್ತಿದ್ದ. ಅಂಗೈಯಲ್ಲಿದ್ದುದನ್ನು ನೋಡದೆ ಇರಲಾಗಲಿಲ್ಲ. ಅದರ ಬಣ್ಣದ ಮೇಲೆ ಒಂದು ಗೀರೂ ಇರಲಿಲ್ಲ.

ಅರ್ಧ ದಾರಿಯಲ್ಲಿ ಮುನಿರಾಜು ಕೇಳಿದ. “ಫ್ರಾನ್ಸಿಸ್, ನಿಮ್ಗೆ ಕೊಟ್ಟ ಎರಡು ಎಲ್ಲಿ?”

“ಯಾವ ಎರಡು?” ಎಂದೆ ನಾನು.

“ಒಂದು ಕಪಾಟಲ್ಲಿದೆ,” ಎಂದ ಫ್ರಾನ್ಸಿಸ್. ಸ್ವಲ್ಪ ದೂರ ಹೋದಮೇಲೆ ಹೇಳಿದ, “ಇನ್ನೊಂದು ನೆನ್ನೆ ಹೋಯ್ತು. ಬೈಕಲ್ಲಿ ಬಂದೋರು ಯಾರೋ. ಹೆಸರು ಕೇಳಿಲ್ಲ ಗುರು.”

ಆಸ್ಪತ್ರೆಯಲ್ಲಿ ಅಂದೇ ಶಸ್ತ್ರಚಿಕಿತ್ಸೆ ಆಯಿತು. ಮೊನೆ ಕಣ್ಣಿನ ಮುಂಪೊರೆ ದಾಟಿ ಒಳಗೆ ಇಳಿದಿತ್ತು. ಈಗ ಆ ಕಣ್ಣಿಗೆ ಬೆಳಕು ತಿಳಿಯುತ್ತದೆ, ಎದುರಿಗೆ ಕೈ ಆಡಿಸಿದರೆ ನೆರಳು ತಿಳಿಯುತ್ತದೆ, ಅಷ್ಟೇ. ಏರ್‌ಬ್ರಷ್ ತುದಿಗೂ ಮರಕ್ಕೂ ಇರುವ ಅಂತರ ಒಂಟಿ ಕಣ್ಣಿಗೆ ಸಿಗುವುದಿಲ್ಲವಂತೆ. ಮುನಿರಾಜು ಹುರುಪೆ ಬರೆಯುವುದನ್ನು ಬಿಟ್ಟಿದ್ದಾನೆ. ಲಾರಿ ಬಾಡಿಗಳಿಗೆ ಮೊದಲ ಪದರದ ಬರಿ ಬಣ್ಣ ಹೊಡೆಯುತ್ತಾನೆ.

ಕಪಾಟಿನಲ್ಲಿದ್ದುದನ್ನು ನಾನು ತೆಗೆದುಕೊಂಡು ಹೋಗಿ, ಬಂಡೆಯಿಂದ ಬಹಳ ಹಿಂದೆ ನಿಂತು, ಅದೇ ಕ್ವಾರಿಯಲ್ಲಿ ಎಳೆದೆ. ಅದೇ ಪಕ್ಕಕ್ಕೆ ವಾಲಿತು. ವೇಗ ಏರಿದಂತೆ ಹಾಗೇ ಹೊಟ್ಟೆ ಮೇಲಾಗಿ ಚಿಮ್ಮಿತು. ಇನ್ನೊಂದಕ್ಕಾಗಿ ಫ್ರಾನ್ಸಿಸ್ ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿದ. ಗಾಳದವರ ವಾಟ್ಸ್ಆ್ಯಪ್ ಗುಂಪುಗಳಿಗೆಲ್ಲ ಫೋಟೋ ಹಾಕಿ, ಇದನ್ನು ಕೊಂಡವರು ದಯವಿಟ್ಟು ಬಳಸಬೇಡಿ, ಹಿಂದಿರುಗಿಸಿ ಎಂದು ಬರೆದ. ಉತ್ತರಗಳು ಬಂದವು. ಸೂಪರ್ ಫಿನಿಶಿಂಗ್, ಯಾರು ಮಾಡಿದ್ದು, ನಮಗೂ ಒಂದು ಬೇಕು.

ಶೆಡ್ಡಿಗೆ ಬಂದಿದ್ದ ಮುನಿರಾಜು ಫೋನನ್ನು ಎಡಗಣ್ಣಿನ ಹತ್ತಿರ ಹಿಡಿದು ಅವನ್ನೆಲ್ಲ ಓದಿದ. “ಎಲ್ರೂ ಬಣ್ಣಾನೇ ಹೇಳವ್ರೆ ಅಣ್ಣ. ಹೆಂಗೆ ಈಜುತ್ತೆ ಅಂತ ಒಬ್ರೂ ಕೇಳಿಲ್ಲ.”

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಬಣ್ಣ ಕೊಳ್ಳುವವನ ಕಣ್ಣಿಗೆ ಸಂಬಂಧಿಸಿದ್ದು, ಈಜು ನೀರಿಗೆ ಸಂಬಂಧಿಸಿದ್ದು, ಮತ್ತು ನೀರು ಒಪ್ಪದ್ದನ್ನು ಯಾರ ಕೈಗೂ ಕೊಡಬಾರದು. ಈಗ ಪರೀಕ್ಷೆಯಾಗದೆ ಯಾವುದೂ ಮಾರಾಟಕ್ಕೆ ಶೆಡ್ಡಿನ ಬಾಗಿಲು ದಾಟುವುದಿಲ್ಲ. ದಾಟಿದ ಆ ಒಂದು ಇನ್ನೂ ಯಾರದೋ ಪೆಟ್ಟಿಗೆಯಲ್ಲಿದೆ.