ರಸಮಟ್ಟನ ಫಲಕ ಡೊಂಕಾಗಿರಲಿಲ್ಲ

೧೯೯೮ನೆಯ ಇಸವಿ ನವೆಂಬರ್ ೧೭, ಮಂಗಳವಾರ. ಚಳಿಗಾಲ ಆಗತಾನೆ ಕಾಲಿಟ್ಟಿತ್ತು; ಮೋಡ ಮುಚ್ಚಿದ ಆಕಾಶ, ಒಣಗಾಳಿ. ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಪ್ರಯೋಗಾಲಯದ ಕಾರ್ಯಾಗಾರಕ್ಕೆ ಒಂದು ಪತ್ರ ಬಂದಿತು. ಫಲಕವನ್ನು ಅಸಡ್ಡೆಯಿಂದ ಉಜ್ಜಿರುವುದಾಗಿ ಶುಕ್ರವಾರದೊಳಗೆ ಒಪ್ಪಿ ಸಹಿ ಮಾಡತಕ್ಕದ್ದು ಎಂದು ಅದರಲ್ಲಿತ್ತು. ಅದು ಬಂದದ್ದು ಅಲ್ಲಿನ ಹಿರಿಯ ಮೆಕ್ಯಾನಿಕ್ಕನ ಹೆಸರಿಗೆ. ಆತನನ್ನು ಎಲ್ಲರೂ ಕರೆಯುತ್ತಿದ್ದುದು ರಸಮಟ್ಟ ಎಂದೇ. ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುವ ಆ ಪುಟ್ಟ ಸಾಧನ ಮೂವತ್ತೊಂದು ವರ್ಷಗಳಿಂದ ಆತನ ಅಂಗಿಯ ಜೇಬು ಬಿಟ್ಟು ಕದಲಿರಲಿಲ್ಲ.

ಆತ ಮಾಡಿಕೊಟ್ಟಿದ್ದ ಪೆಟ್ಟಿಗೆ ಇಂತಹುದು. ಕೆಳಗೆ ಕನ್ನಡಿಯಂತೆ ಉಜ್ಜಿದ ಲೋಹದ ಫಲಕ, ಮೇಲೆ ಗಾಜು, ನಡುವೆ ಉಗುರಿನ ದಪ್ಪದಷ್ಟು ಸಂದಿನಲ್ಲಿ ಒತ್ತಿ ತುಂಬಿದ ಅನಿಲ. ಕೆಳಗೆ ಕಾಯಿಸಿ ಮೇಲೆ ತಣ್ಣೀರು ಹರಿಸಿದರೆ ಅನಿಲವು ಉರುಳೆಗಳಾಗಿ ಹೊರಳುತ್ತದೆ. ಬೆಳಕು ಬಿಟ್ಟರೆ ಪರದೆಯ ಮೇಲೆ ಆ ಉರುಳೆಗಳ ನೆರಳು ಪಟ್ಟೆಪಟ್ಟೆಯಾಗಿ ಮೂಡುತ್ತದೆ. ಪೆಟ್ಟಿಗೆಯನ್ನು ಓರೆ ಮಾಡಿದಾಗ ಬಿಸಿ ಅನಿಲ ಇಳಿಜಾರಿನ ಮೇಲಕ್ಕೂ ತಣ್ಣನೆಯದು ಕೆಳಕ್ಕೂ ಜಾರುತ್ತದೆ. ಓರೆ ಮಿತಿಯಲ್ಲಿರುವ ತನಕ ಪಟ್ಟೆಗಳು ಇಳಿಜಾರಿನ ಗುಂಟ ನಿಲ್ಲುತ್ತವೆ. ಎಪ್ಪತ್ತೆಂಟು ಡಿಗ್ರಿಯ ಆಸುಪಾಸು ದಾಟಿದರೆ ಎದುರುಬದುರು ಜಾರುವ ಪದರಗಳ ತಿಕ್ಕಾಟವೇ ಮೇಲುಗೈಯಾಗಿ ಪಟ್ಟೆಗಳು ಅಡ್ಡ ತಿರುಗುತ್ತವೆ. ವಿಭಾಗದ ಮುಖ್ಯಸ್ಥರು ಎಪ್ಪತ್ತಾರಕ್ಕೇ ಅಡ್ಡ ಪಟ್ಟೆ ಕಂಡರು. ಲೆಕ್ಕ ತಪ್ಪಿರಲಾರದು, ತಾವಂತೂ ತಪ್ಪಲಾರರು, ಉಳಿದವನು ಮೆಕ್ಯಾನಿಕ್ಕು.

ಆ ಫಲಕವನ್ನು ಆತ ನಲವತ್ತೊಂದು ದಿನ ಕೈಯಲ್ಲೇ ಉಜ್ಜಿದ್ದ. ಹೆಂಡತಿಗೆ ಪತ್ರ ತೋರಿಸಿದಾಗ ಆಕೆ ಸೌಟು ಹಿಡಿದೇ ಓದಿದಳು.

“ಮನೆ ಮಂಚಕ್ಕೂ ಮಟ್ಟ ಹಿಡಿದು ನನ್ನ ಪ್ರಾಣ ತಿಂದೋರು ನೀವು. ನೀವು ಡೊಂಕು ಮಾಡಿದ್ರಂತಾ? ಬರೆದೋನ ಕೈ ಸೇದಿಹೋಗ!”

“ಸಹಿ ಹಾಕಿದ್ರೆ ಜಗಳ ಮುಗಿಯುತ್ತೆ ಕಣೇ.”

“ಹಾಕಿ ನೋಡಿ. ಆಮೇಲೆ ಆ ಮಟ್ಟ ಈ ಮನೆ ಒಳಗೆ ತರಬೇಡಿ.”

ಸಹಿ ಬೀಳಲಿಲ್ಲ. ಗುರುವಾರ, ೧೯ರಂದು ಆತ ನೆಟ್ಟಗೆ ಪ್ರಯೋಗದ ಕೋಣೆಗೆ ನುಗ್ಗಿದ. ಜುಲೈನಲ್ಲಿ ಪೆಟ್ಟಿಗೆ ಒಪ್ಪಿಸಿದ ಮೇಲೆ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಪ್ರಯೋಗ ನಡೆಸುತ್ತಿದ್ದ ಸಂಶೋಧಕಿ, ಇಬ್ಬರು ಮಕ್ಕಳ ತಾಯಿ, ಎದ್ದು ನಿಂತಳು.

“ಅಣ್ಣಾ, ಪತ್ರ ನಾನು ಬರೆದಿದ್ದಲ್ಲ.”

“ಗೊತ್ತಮ್ಮ. ಬೋಲ್ಟು ಬಿಚ್ಚು. ಪೆಟ್ಟಿಗೇನ ತಲೆಕೆಳಗು ಮಾಡಿ ಕೂರಿಸೋಣ. ಮೇಲಿನ ತುದಿ ಕೆಳಗೆ, ಕೆಳಗಿನದು ಮೇಲೆ. ತಪ್ಪು ಫಲಕದ್ದಾದ್ರೆ ಅದರ ಡೊಂಕು ಎದುರು ದಿಕ್ಕಿಗೆ ಬಿದ್ದು ಪಟ್ಟೆ ಇಳಿಜಾರಿನ ಗುಂಟ ತಿರುಗಬೇಕು.”

ಇದು ಆತನ ಹಳೆಯ ಪದ್ಧತಿ: ಯಾವುದನ್ನಾದರೂ ತಿರುಗಿಸಿ ನೋಡದೆ ದೂರಬಾರದು. ಮತ್ತೆ ಬಿಸಿಯೇರಲು ಮೂರು ಗಂಟೆ ಹಿಡಿಯಿತು. ಮುಖ್ಯಸ್ಥರು ಬಂದು ಕೈ ಕಟ್ಟಿ ನಿಂತರು. ಪರದೆಯ ಮೇಲೆ ಪಟ್ಟೆಗಳು ಮೂಡಿದವು: ಮೊದಲು ಹೇಗೋ ಹಾಗೆಯೇ, ಅಡ್ಡಡ್ಡ, ಒಂದೂ ಓರೆಯಾಗದೆ.

“ನನ್ನ ಫಲಕ ತಿರುಗಿತು. ಪಟ್ಟೆ ತಿರುಗಲಿಲ್ಲ. ಈಗ ಹೇಳಿ ಸಾರ್, ತಪ್ಪು ಎಲ್ಲಿದೆ?”

“ನೀವು ತಿರುಗಿಸೋವಾಗ ಏನಾದ್ರೂ ಸಡಿಲ ಮಾಡಿರ್ತೀರಿ.”

ರಸಮಟ್ಟನ ಕಿವಿ ಕೆಂಪಾಯಿತು. ಜೇಬಿನ ಸಾಧನವನ್ನು ಆತ ಫಲಕದ ಮೇಲಿಡಲಿಲ್ಲ, ಪೆಟ್ಟಿಗೆ ಕೂತಿದ್ದ ಮೇಜಿನ ಮೇಲಿಟ್ಟ. ಗುಳ್ಳೆ ಒಂದೇ ಓಟಕ್ಕೆ ಒಂದು ತುದಿಗೆ ಹೋಗಿ ಕುಳಿತಿತು.

“ಮೇಜೇ ಡೊಂಕು!”

“ಕುಣಿಯಲಾರದೋನು ನೆಲ ಡೊಂಕು ಅಂದನಂತೆ,” ಎಂದು ಮುಖ್ಯಸ್ಥರು ನಕ್ಕರು.

ಆತ ಮೊಣಕಾಲೂರಿ ಮೇಜಿನ ಕೆಳಗಿದ್ದ ನೀರಿನ ತೊಟ್ಟಿಯ ಹಿಂದಿನ ಹಲಗೆಯನ್ನು ಕಿತ್ತೆಸೆದ. ಮೇಜಿನ ಅತ್ತಲಿನ ಎರಡು ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ! ದಾಸ್ತಾನು ಪುಸ್ತಕದಲ್ಲಿ, ಆಗ ಅಲ್ಲಿ ಉಗ್ರಾಣದ ಗುಮಾಸ್ತನಾಗಿದ್ದ ನಾನೇ ಬರೆದ ನಮೂದು ಇಂದಿಗೂ ಇದೆ: ೧೯೯೮ ಆಗಸ್ಟ್ ೩, ಸೋಮವಾರ, ಇಟ್ಟಿಗೆ ಎರಡು, ಉದ್ದೇಶ, ಸೋರಿದ ನೀರು ಮೇಜಿನಿಂದ ಬಚ್ಚಲ ಕಡೆಗೆ ಹರಿಯಲು, ಪಡೆದವರ ಸಹಿ, ಸ್ವತಃ ಮುಖ್ಯಸ್ಥರದು. ಅಂದಿನಿಂದ ಆ ಮೇಜಿನ ಮೇಲಿಟ್ಟ ಪೆನ್ಸಿಲು ಉರುಳಿ ಬೀಳುತ್ತಲೇ ಇತ್ತು. ಅಷ್ಟೊಂದು ಓದಿದವರು ಮೂರೂವರೆ ತಿಂಗಳು ಅದನ್ನು ಎತ್ತಿಟ್ಟರೇ ಹೊರತು ಏಕೆಂದು ಒಬ್ಬರೂ ಕೇಳಲಿಲ್ಲ. ಕೋನವನ್ನು ದಾರಕ್ಕೆ ಕಟ್ಟಿದ ತೂಗುಗುಂಡಿನಿಂದಲ್ಲ, ಮೇಜಿನಿಂದ ಅಳೆದಿದ್ದರು. ಎಪ್ಪತ್ತಾರೆಂದು ಬರೆದದ್ದು ಮೇಜಿನ ಮೂರು ಡಿಗ್ರಿ ಓರೆಯೂ ಸೇರಿ ನಿಜವಾಗಿ ಎಪ್ಪತ್ತೊಂಬತ್ತು.

ಇಟ್ಟಿಗೆ ತೆಗೆದರು. ಸಂಜೆ ಐದೂಕಾಲಿಗೆ ಪಟ್ಟೆಗಳು ಇಳಿಜಾರಿನ ಗುಂಟ ನಿಂತವು.

“ಸರಿ, ಆಯ್ತಲ್ಲ,” ಎಂದರು ಮುಖ್ಯಸ್ಥರು. “ಆ ಪತ್ರ ಮರೆತುಬಿಡಿ.”

“ಬರೆಯೋವಾಗ ಮೂರು ಪ್ರತಿ ಮಾಡಿದ್ರಿ. ಮರೆಯೋಕೆ ಬಾಯಿಮಾತು ಸಾಕಾ? ಹಿಂತೆಗೆದುಕೊಂಡೆ ಅಂತ ಬರೆದುಕೊಡಿ. ಅಲ್ಲೀವರೆಗೂ ಈ ಕೋಣೆಯ ಒಂದು ಸ್ಕ್ರೂ ಕೂಡ ಮುಟ್ಟಲ್ಲ.”

“ಸೊಕ್ಕು ಜಾಸ್ತಿ ಆಯ್ತು ನಿಮಗೆ.”

“ಹೌದು ಸಾರ್. ನಲವತ್ತೊಂದು ದಿನದ ಸೊಕ್ಕು.”

ಮುಂದೆ ನಡೆದದ್ದು ಇಷ್ಟು. ನವೆಂಬರ್ ೨೬ರಂದು ತಣ್ಣೀರಿನ ಪಂಪು ಕೆಟ್ಟಿತು. ಆತ ಮುಟ್ಟಲಿಲ್ಲ, ಪ್ರಯೋಗ ನಿಂತಿತು. ಡಿಸೆಂಬರ್ ೯, ಬುಧವಾರ, ಪತ್ರವನ್ನು ಹಿಂತೆಗೆದುಕೊಂಡ ಮೂರು ಸಾಲು ಬಂದವು. ಕ್ಷಮೆ ಎಂಬ ಮಾತು ಅದರಲ್ಲಿರಲಿಲ್ಲ. ಅಂದೇ ಮಧ್ಯಾಹ್ನ ಪಂಪು ದುರಸ್ತಿಯಾಯಿತು. ೨೦೦೦ದ ಮಾರ್ಚ್‌ನಲ್ಲಿ ಪ್ರಬಂಧ ಅಚ್ಚಾಯಿತು. ಸಂಶೋಧಕಿ ಬರೆದಿದ್ದ ಕರಡಿನ ಕೃತಜ್ಞತೆಯಲ್ಲಿ ಆತನ ಹೆಸರಿತ್ತು. ಅಚ್ಚಾದದ್ದರಲ್ಲಿ “ಕಾರ್ಯಾಗಾರದ ಸಿಬ್ಬಂದಿ” ಎಂದಿತ್ತು. ೨೦೦೧ರ ಮೇ ೩೧, ಗುರುವಾರ, ಆತ ನಿವೃತ್ತನಾದ. ಬೀಳ್ಕೊಡುಗೆಗೆ ಮುಖ್ಯಸ್ಥರು ಬರಲಿಲ್ಲ. ಎರಡು ಇಟ್ಟಿಗೆಗಳನ್ನು ೧೯೯೮ ನವೆಂಬರ್ ೨೦ರಂದೇ ದಾಸ್ತಾನಿಗೆ ವಾಪಸು ಪಡೆಯಲಾಗಿದೆ.